ದುಡ್ಡು ಕೊಡ್ತೀವಿ ಅಂದ್ರೂ ಸಿಗದ ‘ಮೋಸ್ಟ್ ವಾಂಟೆಡ್’

2005ರ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಗೇಮನ್ನ ಕಂಪ್ಯೂಟರಿಗೆ ಇವತ್ತು ಕೊಂಡುಕೊಳ್ಳಲು ಹೊರಡಿ. ಸ್ಟೀಮ್‌ನಲ್ಲಿ ಇಲ್ಲ. ಗೇಮ್ ಮಾಡಿದ ಇಎ ಕಂಪನಿಯ ಸ್ವಂತ ಆನ್‌ಲೈನ್ ಅಂಗಡಿಯಲ್ಲೂ ಇಲ್ಲ. ಅದೇ ಹೆಸರಲ್ಲಿ ಸಿಗೋದು 2012ರ ಬೇರೆಯದೇ ಗೇಮ್.

ನಮ್ಮ ಘೋಣಸಗಿ ಕಡೆ ಈ ಗೇಮ್ ಆಡಿದ ನನ್ನ ವಾರಿಗೆಯವರು ಈಗ ಮೂವತ್ತು ದಾಟಿದ್ದಾರೆ. ತಿಕೋಟಾ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬೈಕಿನಲ್ಲಿ ತೆವಳುತ್ತಿದ್ದ ಹುಡುಗರು, ರಾಕ್‌ಪೋರ್ಟ್ ಅನ್ನೋ ಊರಲ್ಲಿ ಬಿಎಂಡಬ್ಲ್ಯೂ ಎಂ3 ಜಿಟಿಆರ್ ಓಡಿಸುತ್ತಿದ್ದರು, ಅದೂ ಕೀಬೋರ್ಡಿನ ಬಾಣದ ಕೀಗಳಲ್ಲಿ. ಕಥೆ ಸರಳ: ರೇಜರ್ ಎಂಬವನು ನಮ್ಮ ಕಾರು ಲಪಟಾಯಿಸ್ತಾನೆ, 15 ಮಂದಿಯ ಬ್ಲ್ಯಾಕ್‌ಲಿಸ್ಟನ್ನ ಒಬ್ಬೊಬ್ಬರಾಗಿ ಸೋಲಿಸಿ ವಾಪಸ್ ತಗೋಬೇಕು. ನೆನಪಲ್ಲಿ ಉಳಿದದ್ದು ಮಾತ್ರ ಪೊಲೀಸರು. “ಲೇ, ನೈಟ್ರೋ ಹೊಡಿಯೋ, ಬೆನ್ನ ಹತ್ಯಾರ!” ಅಂತ ಹಿಂದಿನಿಂದ ಕೂಗುವವನು ಒಬ್ಬ ಇದ್ದೇ ಇರುತ್ತಿದ್ದ.

ಈ ಹಳಹಳಿಕೆಯನ್ನ ಬರೀ ವಯಸ್ಸಿನ ಕಾಯಿಲೆ ಅಂತ ತಳ್ಳಿಹಾಕೋದು ಸುಲಭ. ಆದರೆ ಆ ಗೇಮಿಗೆ ಇಂಟರ್ನೆಟ್ ಬೇಕಿರಲಿಲ್ಲ. ಹಾಸ್ಟೆಲಿನಲ್ಲಿ ಒಂದು ಸ್ವಿಚ್ಚು, ನಾಲ್ಕು ಲ್ಯಾನ್ ಕೇಬಲ್ ಇದ್ದರೆ ರೇಸ್ ಶುರು. ಡಿಸ್ಕ್ ನಿಮ್ಮ ಕೈಲಿತ್ತು. ಕಂಪನಿ ಮನಸ್ಸು ಬದಲಿಸಿದರೂ ಅದು ಓಡುತ್ತಿತ್ತು.

ಹಾಗಾದರೆ ಇಂಥ ಗೇಮುಗಳು ಮಾಯ ಆಗೋದು ಯಾಕೆ? ರೇಸಿಂಗ್ ಗೇಮಿನಲ್ಲಿ ಕಾಣುವ ಕಾರುಗಳಿಗೂ ಕೇಳುವ ಹಾಡುಗಳಿಗೂ ಬೇರೆಯವರ ಲೈಸೆನ್ಸ್ ಬೇಕು. ಅವು ಸಾಮಾನ್ಯವಾಗಿ ಇಂತಿಷ್ಟು ವರ್ಷಕ್ಕೆ ಅಂತಲೇ ಇರುತ್ತವೆ. ಅವಧಿ ಮುಗಿದಾಗ ಹೊಸದಾಗಿ ದುಡ್ಡು ಕೊಡುವುದಕ್ಕಿಂತ ಮಾರಾಟ ನಿಲ್ಲಿಸೋದೇ ಅಗ್ಗ. 2021ರ ಮೇ 31ರಂದು ಇಎ ‘ಕಾರ್ಬನ್’, ‘ಅಂಡರ್‌ಕವರ್’, ‘ದಿ ರನ್’ ಸೇರಿ ಈ ಸರಣಿಯ ಐದು ಗೇಮುಗಳನ್ನ ಒಟ್ಟಿಗೇ ಮಾರಾಟದಿಂದ ತೆಗೆಯಿತು.

ಇದಾದರೂ ಪರವಾಗಿಲ್ಲ, ಕೊಂಡವರ ಬಳಿ ಗೇಮ್ ಉಳಿಯಿತು. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಕಥೆ ಇದಕ್ಕಿಂತ ಕೆಟ್ಟದ್ದು. 2014ರ ಈ ಗೇಮಿನ ಸರ್ವರನ್ನ 2024ರ ಮಾರ್ಚ್ 31ಕ್ಕೆ ಬಂದ್ ಮಾಡಿದರು. ಒಬ್ಬರೇ ಆಡುವ ಭಾಗವೂ ಸತ್ತುಹೋಯಿತು. ಆ ಸಿಟ್ಟಿನಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಂತೂ 2025ರಿಂದ ಕಾನೂನೇ ಇದೆ: ‘ಬೈ’ ಅಂತ ಬಟನ್ ಇಟ್ಟು ಲೈಸೆನ್ಸ್ ಮಾತ್ರ ಕೊಡೋದಾದರೆ, ಅದನ್ನ ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು.

ನಮ್ಮಲ್ಲಿ? 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಸಾಫ್ಟ್‌ವೇರನ್ನ ಕಾನೂನುಬದ್ಧವಾಗಿ ಇಟ್ಟುಕೊಂಡವರು ಹಾಳಾದೀತು ಅಂತ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಡಿಸ್ಕಿನ ಕಾಲಕ್ಕೆ ಇದು ಸಾಕಿತ್ತು. ಅರ್ಧ ಗೇಮ್ ಕಂಪನಿಯ ಸರ್ವರಿನಲ್ಲೇ ಕೂತಿದ್ದರೆ ಬ್ಯಾಕಪ್ ಮಾಡೋದು ಯಾವುದನ್ನ? 2025ರಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿದಾಗ ಚರ್ಚೆಯೆಲ್ಲ ಬಾಜಿ ಕಟ್ಟುವ ಆಟಗಳ ಸುತ್ತಲೇ ಗಿರಕಿ ಹೊಡೆಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಹೋಗಲು ಅವಕಾಶ ಇದೆ. ‘ಬೈ’ ಬಟನ್ನನ್ನ ಅದರಡಿ ಪ್ರಶ್ನಿಸಬಹುದು ಅನ್ನೋದು ನನ್ನ ವಾದ.