ಅಪ್ಪ-ಅಮ್ಮ ಆರಿಸಿಕೊಂಡ ದಾರಿ, ಮಕ್ಕಳು ನಡೆದ ದಾರಿ: ಮಿಷನರಿ ಮನೆಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಸಂಜಯನಗರದ ನನ್ನ ಪುಟ್ಟ ರೂಮಿನಿಂದ ಇನ್ನೊಂದು ಸಂಚಿಕೆ. ಮಧ್ಯೆ ಮಧ್ಯೆ ಹಾರ್ನ್ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಕಿಟಕಿ ಮುಚ್ಚಿದ್ರೂ ಮೇನ್ ರೋಡ್ ಒಳಗೆ ಬಂದುಬಿಡುತ್ತೆ.

ಇವತ್ತಿನ ವಿಷಯ ಶುರುವಾಗಿದ್ದು ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ. ಹೋದ ವರ್ಷ ಕೆಳಗಿನ ಮನೆಗೆ ಒಂದು ಕುಟುಂಬ ಬಂತು. ತಮಿಳುನಾಡಿನವರು. ಗಂಡ-ಹೆಂಡತಿ ಇಬ್ಬರೂ ಕ್ರೈಸ್ತ ಮಿಷನರಿಗಳು, ಒಂದು ವರ್ಷದ ತರಬೇತಿಗೆ ಅಂತ ಬೆಂಗಳೂರಿಗೆ ಬಂದವರು. ಆರು ವರ್ಷದ ಮಗಳು, ಎರಡು ವರ್ಷದ ಮಗ. ಮಗಳು ಬೀದಿ ಮಕ್ಕಳ ಜೊತೆ ಆಡ್ತಾ ಆಡ್ತಾ ಮೂರೇ ತಿಂಗಳಲ್ಲಿ ಕನ್ನಡ ಕಲಿತಳು. ಅಂಗಡಿಗೆ ಹೋದ್ರೆ ಅಮ್ಮನಿಗೆ ಅವಳೇ ದುಭಾಷಿ. "ಅಂಕಲ್, ಅಮ್ಮಂಗೆ ಅರ್ಧ ಕೆಜಿ ತೊಗರಿಬೇಳೆ ಬೇಕಂತೆ" ಅಂತ ಕೌಂಟರ್ ಮೇಲೆ ಗಲ್ಲ ಇಟ್ಕೊಂಡು ಹೇಳೋಳು.

ಈಗ ತರಬೇತಿ ಮುಗೀತಾ ಇದೆ. ಜೂನ್‌ನಲ್ಲಿ ಅವರು ಮಧ್ಯ ಭಾರತದ ಒಂದು ಹಳ್ಳಿಗೆ ಹೋಗಬೇಕು. ಅಲ್ಲಿ ಒಳ್ಳೆ ಸ್ಕೂಲ್ ಇಲ್ಲ. ಊರಿನ ನೆಂಟರೆಲ್ಲ "ಹುಡುಗಿನ ಇಲ್ಲೇ ಹಾಸ್ಟೆಲ್‌ಗೆ ಹಾಕಿ, ನೀವು ಹೋಗಿ" ಅಂತಿದ್ದಾರೆ. ಒಂದು ಸಂಜೆ ಆ ಅಕ್ಕ ಮೆಟ್ಟಿಲ ಮೇಲೆ ಕೂತು ನನ್ನನ್ನೇ ಕೇಳಿಬಿಟ್ರು: "ನೀನಾಗಿದ್ರೆ ಏನ್ ಮಾಡ್ತಿದ್ದೆ ತಮ್ಮಾ?"

ನನಗೆ ಮದುವೆನೇ ಆಗಿಲ್ಲ. ಬಿ.ಕಾಂ. ಓದಿದವನು, ಬ್ಯಾಲೆನ್ಸ್ ಶೀಟ್ ಕೊಟ್ರೆ ಓದ್ತೀನಿ, ಇದಕ್ಕೆ ಏನ್ ಹೇಳ್ಲಿ? ಆದ್ರೆ ಪ್ರಶ್ನೆ ತಲೇಲಿ ಕೂತುಬಿಡ್ತು. ಹುಡುಕ್ತಾ ಹೋದೆ. ನಮ್ಮ ಕರ್ನಾಟಕದಲ್ಲೇ ಇದೇ ಪ್ರಶ್ನೆಗೆ ಸುಮಾರು ಇನ್ನೂರು ವರ್ಷದ ಚರಿತ್ರೆ ಇದೆ ಅಂತ ಗೊತ್ತಾಯ್ತು.

ಮೊದಲೇ ಒಂದು ಮಾತು. ನಾನು ಕ್ರಿಶ್ಚಿಯನ್ ಅಲ್ಲ. ಮಿಷನರಿ ಅಂದ ಕೂಡಲೇ ಮತಾಂತರದ ಚರ್ಚೆ ಬರುತ್ತೆ, ಅದು ದೊಡ್ಡ ಚರ್ಚೆ, ಅದಕ್ಕೆ ಬೇರೆ ಸಂಚಿಕೆನೇ ಬೇಕು. ಇವತ್ತು ನಾನು ಮಾತಾಡ್ತಿರೋದು ಆ ಮನೆಗಳ ಮಕ್ಕಳ ಬಗ್ಗೆ. ಯಾವ ಮಗುವೂ ಅರ್ಜಿ ಹಾಕಿ ಮಿಷನರಿ ಮನೇಲಿ ಹುಟ್ಟಲ್ಲ ಅಲ್ವಾ?

ಮಂಗಳೂರಿನಿಂದ ಬಾಸೆಲ್‌ಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರು ಏನೇನು ಮಾಡಿದ್ರು ಅಂತ ಸ್ಕೂಲಲ್ಲೇ ಓದಿದ್ದೀವಿ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಶುರು ಮಾಡಿದ 'ಮಂಗಳೂರ ಸಮಾಚಾರ', ಹೆಂಚಿನ ಕಾರ್ಖಾನೆ, 1894ರಲ್ಲಿ ಬಂದ ಕಿಟೆಲ್ ನಿಘಂಟು. ಆದ್ರೆ ಇವರ ಮನೆಯೊಳಗೆ ಏನಾಗ್ತಿತ್ತು ಅಂತ ಯಾರೂ ಹೇಳಿಕೊಡಲಿಲ್ಲ.

ಈ ಮಿಷನ್‌ನ ಗಂಡಸರು ಸಾಮಾನ್ಯವಾಗಿ ಒಂಟಿಯಾಗಿ ಬರ್ತಿದ್ರು. ಮದುವೆ ಆಗಬೇಕಾದ್ರೆ ಬಾಸೆಲ್‌ನ ಸಮಿತಿಯ ಅನುಮತಿ ಬೇಕು. ಎಷ್ಟೋ ಸಲ ಹುಡುಗಿನ ಅಲ್ಲಿಂದಲೇ ಹಡಗಲ್ಲಿ ಕಳಿಸ್ತಿದ್ರು. ಗಂಡ-ಹೆಂಡತಿ ಮೊದಲ ಸಲ ಮುಖ ನೋಡೋದೇ ಇಲ್ಲಿ ಬಂದಮೇಲೆ. ಆಮೇಲೆ ಮಕ್ಕಳು, ಜೊತೆಗೆ ಕಾಲರಾ, ಜ್ವರ, ಭೇದಿ. ಕಿಟೆಲ್ ಮದುವೆ ಆಗಿದ್ದು 1860ರಲ್ಲಿ, ಪೌಲೀನ್ ಅನ್ನೋರನ್ನ. 1864ರಲ್ಲಿ ಆಕೆ ತೀರಿಕೊಂಡರು, ಮಕ್ಕಳು ಇನ್ನೂ ಚಿಕ್ಕವರು. ಆಮೇಲೆ ಕಿಟೆಲ್ ಆಕೆಯ ತಂಗಿ ಜೂಲಿಯನ್ನ ಮದುವೆಯಾದರು. ನಾವು ಇವತ್ತು ಹೆಮ್ಮೆಯಿಂದ ತೋರಿಸೋ ಆ ನಿಘಂಟು ಇಂಥ ಮನೇಲಿ ತಯಾರಾಗಿದ್ದು.

1853ರಲ್ಲಿ ಬಾಸೆಲ್ ಸಮಿತಿ ಒಂದು ನಿಯಮ ಮಾಡ್ತು. ಮಿಷನರಿಗಳ ಮಕ್ಕಳು ಶಾಲೆಗೆ ಹೋಗೋ ವಯಸ್ಸಿಗೆ ಬಂದ್ರೆ, ಅಂದ್ರೆ ಸುಮಾರು ಆರು ವರ್ಷಕ್ಕೆ, ಅವರನ್ನ ಯುರೋಪಿಗೆ ಕಳಿಸಬೇಕು. ಅವರಿಗೆ ಅಂತಲೇ ಬಾಸೆಲ್‌ನಲ್ಲಿ ಮಕ್ಕಳ ಮನೆ ಶುರುವಾಯ್ತು. ಕಾರಣ ಏನು? ಇಲ್ಲಿ ಅವರಿಗೆ ತಕ್ಕ ಶಾಲೆ ಇಲ್ಲ, ರೋಗದ ಭಯ ಇದೆ. ಜೊತೆಗೆ ಮಕ್ಕಳು ಇಲ್ಲಿನವರ ಥರ ಆಗಿಬಿಟ್ಟಾರು ಅನ್ನೋ ಭಯ. ಇನ್ನೊಂದು ಲೆಕ್ಕ ಕಾಮರ್ಸ್ ಓದಿದ ನನಗೆ ಕಾಣೋದು: ಮಕ್ಕಳು ಜೊತೇಲಿ ಇಲ್ಲದಿದ್ರೆ ಅಪ್ಪ-ಅಮ್ಮನ ಪೂರ್ತಿ ಸಮಯ ಕೆಲಸಕ್ಕೆ ಸಿಗುತ್ತೆ. ಆ ಲೆಕ್ಕದಲ್ಲಿ ಮಗುವಿನ ಕಾಲಂ ಮಾತ್ರ ಖಾಲಿ.

ಸೂಯೆಜ್ ಕಾಲುವೆ ತೆರೆದಿದ್ದು 1869ರಲ್ಲಿ. ಅದಕ್ಕೂ ಮುಂಚೆ ಒಂದು ಕಾಗದ ಹೋಗಿ ಬರೋದೇ ತಿಂಗಳುಗಟ್ಟಲೆಯ ಮಾತು. ಮಗುವಿಗೆ ಜ್ವರ ಬಂದಿದೆ ಅನ್ನೋ ಸುದ್ದಿ ಅಮ್ಮನಿಗೆ ತಲುಪೋ ಹೊತ್ತಿಗೆ ಮಗು ಹುಷಾರಾಗಿರಬಹುದು. ಅಥವಾ ಇಲ್ಲದೇ ಇರಬಹುದು.

ಅಮ್ಮನ ಮುಖ ಮರೆತ ಹುಡುಗಿ?

ಹರ್ಮನ್ ಗುಂಡರ್ಟ್ ಹೆಸರು ಕೇಳಿರಬಹುದು, ಮಲಯಾಳಂ ನಿಘಂಟು ಬರೆದವರು. 1838ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿ, ಆಮೇಲೆ ತಲಶ್ಶೇರಿಗೆ ಹೋದರು. ಅವರ ಮಗಳು ಮೇರಿ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. ಅಪ್ಪ-ಅಮ್ಮ ರಜೆಗೆ ಯುರೋಪಿಗೆ ಹೋದಾಗ ಮೇರಿಯನ್ನ ಅಲ್ಲೇ ಬಿಟ್ಟು ಭಾರತಕ್ಕೆ ವಾಪಸ್ ಬಂದರು. ಆಗ ಅವಳಿಗೆ ಸುಮಾರು ನಾಲ್ಕು ವರ್ಷ. ಅವಳು ಮತ್ತೆ ಭಾರತಕ್ಕೆ ಬಂದಿದ್ದು 1857ರಲ್ಲಿ, ಹದಿನೈದನೇ ವಯಸ್ಸಲ್ಲಿ. ಮಧ್ಯೆ ಸುಮಾರು ಹನ್ನೊಂದು ವರ್ಷ. ಅವಳಿಗೆ ಅಮ್ಮನ ಮುಖ ನೆನಪಿತ್ತಾ? ನಾಲ್ಕು ವರ್ಷದೊಳಗಿನ ನಿಮ್ಮ ನೆನಪು ಎಷ್ಟಿದೆ ಅಂತ ನೀವೇ ಯೋಚಿಸಿ.

ಇದೇ ಮೇರಿಯ ಮಗ ಯಾರು ಗೊತ್ತಾ? ಹರ್ಮನ್ ಹೆಸ್ಸೆ. ನಿಮ್ಮಲ್ಲಿ ಕೆಲವರು ಓದಿರೋ 'ಸಿದ್ಧಾರ್ಥ' ಕಾದಂಬರಿಯ ಲೇಖಕ, 1946ರ ನೊಬೆಲ್ ವಿಜೇತ. ಮನೆ ಬಿಟ್ಟು ಹೋಗುವ ಮಗನ ಕಥೆ ಬರೆದವರು ಇಂಥ ಮನೆಯಿಂದ ಬಂದವರು. ಇದರಿಂದಲೇ ಅದು ಬಂತು ಅಂತ ನಾನು ಹೇಳಲ್ಲ. ಆದ್ರೆ ಆ ಕಾದಂಬರಿನ ಇನ್ನೊಂದ್ಸಲ ಓದಬೇಕು ಅನ್ನಿಸ್ತು.

ಅವೆನ್ಯೂ ರೋಡಿನ ರೈಸ್

ಎಲ್ಲ ದುಃಖದ ಕಥೆನೇ ಅಲ್ಲ. ಬೆಂಗಳೂರಿಗೆ ಬನ್ನಿ. ಅವೆನ್ಯೂ ರೋಡಲ್ಲಿ ಪುಸ್ತಕ ಕೊಳ್ಳೋಕೆ ಹೋದಾಗ ಅಂಗಡಿಗಳ ನಡುವೆ ರೈಸ್ ಮೆಮೋರಿಯಲ್ ಚರ್ಚ್ ನೋಡಿರ್ತೀರ. ಅದು ಲಂಡನ್ ಮಿಷನರಿ ಸೊಸೈಟಿಯ ಬೆಂಜಮಿನ್ ರೈಸ್ ನೆನಪಿಗೆ ಇರೋದು. 1887ರಲ್ಲಿ ತೀರಿಕೊಳ್ಳೋವರೆಗೆ ಸುಮಾರು ಐವತ್ತು ವರ್ಷ ಇಲ್ಲಿ ಕೆಲಸ ಮಾಡಿದವರು. ಅವರ ಮಗ ಬೆಂಜಮಿನ್ ಲೂಯಿಸ್ ರೈಸ್, ಅಂದ್ರೆ ಬಿ.ಎಲ್. ರೈಸ್, 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದ್ರು. ಓದಿದ್ದು ಇಂಗ್ಲೆಂಡಲ್ಲಿ. 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ವಾಪಸ್ ಬಂದರು. ಅದೇ ಮುಂದೆ ಸೆಂಟ್ರಲ್ ಕಾಲೇಜ್ ಆಯ್ತು. ಶಿಕ್ಷಣ ಇಲಾಖೆ ಕೆಲಸಕ್ಕೆ ಊರೂರು ಸುತ್ತುವಾಗ ಕಲ್ಲಿನ ಮೇಲಿನ ಬರಹಗಳು ಅವರನ್ನ ಹಿಡಿದವು. ಸುಮಾರು 9,000 ಶಾಸನಗಳು, 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು. ನಮ್ಮ ಗಂಗರು, ಹೊಯ್ಸಳರ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಎಷ್ಟೋ ಭಾಗ ಅಲ್ಲಿಂದ ಬಂದಿದ್ದು. ಅವರ ತಮ್ಮ ಇ.ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು.

ಮಿಷನರಿ ಬದುಕಿನ ಖುಷಿ ಅಂದ್ರೆ ಏನು ಅಂತ ಕೇಳಿದ್ರೆ ನಾನು ಇದನ್ನ ತೋರಿಸ್ತೀನಿ. ದೊಡ್ಡವರು ವ್ಯಾಕರಣ ಇಟ್ಕೊಂಡು ಕಷ್ಟಪಟ್ಟು ಕಲಿಯೋ ಭಾಷೆ ಮಗುವಿಗೆ ಆಟದಲ್ಲೇ ಬರುತ್ತೆ. ದೊಡ್ಡವರಿಗೆ ತೆರೆಯದ ಬಾಗಿಲು ಮಗುವಿಗೆ ತೆರೆಯುತ್ತೆ. ನಮ್ಮ ಕೆಳಗಿನ ಮನೆ ಹುಡುಗಿ ಇಲ್ಲದಿದ್ರೆ ಆ ಅಕ್ಕನ ಜೊತೆ ನಮ್ಮ ಬೀದಿಯವರು ಇಷ್ಟು ಬೇಗ ಮಾತಾಡ್ತಾನೇ ಇರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಒಬ್ಬಟ್ಟು, ಕ್ರಿಸ್‌ಮಸ್ ಕೇಕು, ಎರಡೂ ಮೆಟ್ಟಿಲು ಹತ್ತಿ ಇಳಿದಿದ್ದು ಅವಳ ಕೈಯಲ್ಲೇ.

ಬೆಟ್ಟದ ಮೇಲಿನ ಸ್ಕೂಲ್

ಇಪ್ಪತ್ತನೇ ಶತಮಾನ ಬರೋ ಹೊತ್ತಿಗೆ ದೂರ ಸ್ವಲ್ಪ ಕಡಿಮೆ ಆಯ್ತು. 1899ರಲ್ಲಿ ಕೂನೂರಲ್ಲಿ ಶುರುವಾದ ಶಾಲೆ ಇವತ್ತು ಊಟಿಯಲ್ಲಿ ಹೆಬ್ರಾನ್ ಸ್ಕೂಲ್ ಆಗಿದೆ. 1901ರಲ್ಲಿ ಕೊಡೈಕನಾಲ್‌ನಲ್ಲಿ ಅಮೆರಿಕದ ಮಿಷನರಿಗಳ ಮಕ್ಕಳಿಗಾಗಿ ಒಂದು ಶಾಲೆ ಬಂತು. ಸಮುದ್ರ ದಾಟೋ ಬದಲು ರೈಲು. ಬೇಸಿಗೆಯಲ್ಲಿ ಅಮ್ಮಂದಿರು ಬೆಟ್ಟ ಹತ್ತಿ ಕೆಲವು ವಾರ ಮಕ್ಕಳ ಜೊತೆ ಇರ್ತಿದ್ರು.

ಎಷ್ಟೋ ಮಕ್ಕಳು ಅಲ್ಲಿ ಖುಷಿಯಾಗಿ ಬೆಳೆದ್ರು. ಆದ್ರೆ ಹಾಸ್ಟೆಲ್ ಅಂದಮೇಲೆ ಎಲ್ಲ ಕಡೆ ಹಾಗೇ ಇರಲಿಲ್ಲ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಮಾಮು ಅನ್ನೋ ಊರಲ್ಲಿ ಮಿಷನರಿ ಮಕ್ಕಳ ಶಾಲೆ ಇತ್ತು. ಅಲ್ಲಿ ಓದಿದವರು ದೊಡ್ಡವರಾದ ಮೇಲೆ, ತಮ್ಮ ಮೇಲೆ ನಡೆದ ದೌರ್ಜನ್ಯದ ಬಗ್ಗೆ ಬಾಯಿ ಬಿಟ್ಟರು. ತನಿಖಾ ಆಯೋಗ ಆಗಿ ವರದಿ ಬಂತು. ಅಷ್ಟು ವರ್ಷ ಯಾಕೆ ಸುಮ್ಮನಿದ್ರು? ಅಪ್ಪ-ಅಮ್ಮ ದೇವರ ಕೆಲಸ ಮಾಡ್ತಿದ್ದಾರೆ, ನಾನು ಅತ್ತರೆ ಆ ಕೆಲಸ ಹಾಳಾಗುತ್ತೆ ಅಂತ ಅಂದ್ಕೊಳ್ಳೋ ಮಗು ದೂರು ಹೇಳೋದಾದ್ರೂ ಹೇಗೆ?

ಇಲ್ಲಿ ನನ್ನದೊಂದು ಚಿಕ್ಕ ವಿಷಯ ಹೇಳ್ತೀನಿ. ಅಪ್ಪ-ಅಮ್ಮ ಇಬ್ಬರೂ ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡ್ತಿದ್ದಾಗ ನಾನು ತಿಪಟೂರಲ್ಲಿ ಅಜ್ಜಿ ಮನೇಲಿದ್ದೆ, ಎರಡನೇ ಕ್ಲಾಸ್‌ವರೆಗೆ. ಅಜ್ಜಿ ತುಂಬ ಪ್ರೀತಿಯಿಂದ ನೋಡ್ಕೊಂಡ್ರು, ಅದರಲ್ಲಿ ಎರಡು ಮಾತಿಲ್ಲ. ಈ ಸಂಚಿಕೆ ಮಾಡುವಾಗ ಅಮ್ಮಂಗೆ ಫೋನ್ ಮಾಡಿ ಆಗಿನ ವಿಷಯ ಕೇಳಿದೆ. ಅಮ್ಮ ಅಂದ್ರು, "ನೀನು ಯಾವತ್ತೂ ಅಳ್ತಿರಲಿಲ್ಲ ಕಣೋ, ಅದಕ್ಕೇ ಚೆನ್ನಾಗಿದ್ದೀಯ ಅಂದ್ಕೊಂಡ್ವಿ." ನಾನು ಅಳ್ತಿದ್ದೆ. ಬಸ್ಸು ತಿರುವು ದಾಟಿ ಹೋದಮೇಲೆ ಅಳ್ತಿದ್ದೆ. ಅದನ್ನ ಅಮ್ಮಂಗೆ ಹೇಳಿದ್ದು ಇದೇ ಮೊದಲು.

ಮಕ್ಕಳಿಗೆ ಯಾವುದು ಊರು?

1950ರ ದಶಕದಲ್ಲಿ ರೂತ್ ಉಸೀಮ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞೆ ಭಾರತದಲ್ಲಿದ್ದ ಅಮೆರಿಕನ್ನರನ್ನ ಅಧ್ಯಯನ ಮಾಡಿದ್ರು. ಆಗ ಅವರು ಬಳಕೆಗೆ ತಂದ ಪದ 'ಥರ್ಡ್ ಕಲ್ಚರ್ ಕಿಡ್ಸ್'. ಅಪ್ಪ-ಅಮ್ಮನ ಊರೂ ಪೂರ್ತಿ ನಮ್ಮದಲ್ಲ, ಬೆಳೆದ ಊರೂ ಪೂರ್ತಿ ನಮ್ಮದಲ್ಲ, ಮಧ್ಯದಲ್ಲೊಂದು ಮೂರನೇ ಜಾಗ. ದುಬೈಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೂ, ಮಿಲಿಟರಿ ಮನೆ ಮಕ್ಕಳಿಗೂ ಇದು ಚೆನ್ನಾಗಿ ಗೊತ್ತು. "ನಿಮ್ಮ ಊರು ಯಾವುದು?" ಅಂದ್ರೆ ಒಂದು ಕ್ಷಣ ತಡವರಿಸ್ತಾರೆ.

ಈ ವಿಷಯದ ಮೇಲೆ ಡೇವಿಡ್ ಪೊಲಾಕ್ ಮತ್ತು ರೂತ್ ವ್ಯಾನ್ ರೆಕೆನ್ ಸೇರಿ ಪುಸ್ತಕ ಬರೆದರು. ವ್ಯಾನ್ ರೆಕೆನ್ ಸ್ವತಃ ನೈಜೀರಿಯಾದಲ್ಲಿ ಬೆಳೆದ ಮಿಷನರಿ ಮಗಳು, ಆರನೇ ವಯಸ್ಸಿಗೇ ಹಾಸ್ಟೆಲ್‌ಗೆ ಹೋದವರು. ಊರು ಬಿಡುವಾಗ ಮಕ್ಕಳ ಜೊತೆ ಮಾಡಬೇಕಾದ ನಾಲ್ಕು ಕೆಲಸ ಪೊಲಾಕ್ ಹೇಳ್ತಾರೆ. ಒಂದು, ಜಗಳ ಇದ್ದವರ ಜೊತೆ ರಾಜಿ ಆಗೋದು. ಎರಡು, ಪ್ರೀತಿ ತೋರಿಸಿದವರಿಗೆ ಅದನ್ನ ಹೇಳಿ ಥ್ಯಾಂಕ್ಸ್ ಅನ್ನೋದು. ಮೂರು, ಜನಕ್ಕೆ, ಜಾಗಕ್ಕೆ, ಸಾಕುಪ್ರಾಣಿಗೆ, ಆಟದ ಸಾಮಾನಿಗೆ ಸರಿಯಾಗಿ ವಿದಾಯ ಹೇಳೋದು. ನಾಲ್ಕು, ಹೋಗೋ ಊರು ಹೇಗಿರುತ್ತೆ ಅಂತ ಮೊದಲೇ ಯೋಚಿಸೋದು. ಅತ್ತುಬಿಡ್ತಾರೆ ಅಂತ ಮಕ್ಕಳಿಗೆ ಹೇಳದೆ ರಾತ್ರೋರಾತ್ರಿ ಸಾಮಾನು ಕಟ್ಟೋದಿದೆಯಲ್ಲ, ಅದರ ಪೂರ್ತಿ ಉಲ್ಟಾ.

ಇವತ್ತಿನ ಲೆಕ್ಕ

ಇವತ್ತು ಭಾರತದಲ್ಲಿ ಕೆಲಸ ಮಾಡೋ ಮಿಷನರಿಗಳಲ್ಲಿ ಹೆಚ್ಚಿನವರು ಭಾರತೀಯರೇ. 1965ರಲ್ಲಿ ಶುರುವಾದ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್‌ನ ಕೇಂದ್ರ ಕಚೇರಿ ಇರೋದು ನಮ್ಮ ಬೆಂಗಳೂರಲ್ಲೇ. ಅಕ್ಕ ಹೇಳಿದ ಪ್ರಕಾರ ಅವರ ಮನೆ ನಡೆಯೋದು ಊರಿನ ಚರ್ಚಿನವರು, ಪರಿಚಯದವರು ತಿಂಗಳು ತಿಂಗಳು ಕಳಿಸೋ ಹಣದಿಂದ. ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ. ಸ್ಕೂಲ್ ಫೀಸಿಗೆ ಮಾತ್ರ ಕಡಿಮೆ ತಿಂಗಳು ಅನ್ನೋದು ಇಲ್ಲ. ಈಗ ವಿಡಿಯೋ ಕಾಲ್ ಇದೆ, ಮನೇಲೇ ಪಾಠ ಹೇಳಿಕೊಡೋ ದಾರಿನೂ ಇದೆ. ಆದ್ರೆ ಪಾಠ ಹೇಳೋ ಕೆಲಸ ಬೀಳೋದು ಸಾಮಾನ್ಯವಾಗಿ ಅಮ್ಮನ ಮೇಲೆ. ಅವರೂ ಅಷ್ಟೇ ತರಬೇತಿ ಪಡೆದ ಮಿಷನರಿ, ನೆನಪಿರಲಿ.

ಅಕ್ಕನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಓದಿದ್ದನ್ನ ಹೇಳಿದೆ, ನನ್ನ ಬಸ್ಸಿನ ಕಥೆನೂ ಹೇಳಿದೆ. "ಅವಳನ್ನೇ ಒಂದ್ಸಲ ಕೇಳಿ ಅಕ್ಕ. ಅವಳು ಹೇಳಿದ ಹಾಗೇ ಮಾಡಿ ಅಂತಲ್ಲ, ಕೇಳಿ ಅಷ್ಟೇ" ಅಂದೆ.

ಕೇಳಿದ್ರಂತೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ತಮ್ಮನೂ ಹಾಸ್ಟೆಲ್‌ಗೆ ಬರ್ತಾನಾ?"

ಸದ್ಯಕ್ಕೆ ಅವಳನ್ನ ಜೊತೆಗೇ ಕರ್ಕೊಂಡು ಹೋಗ್ತಾರಂತೆ. ಐದನೇ ಕ್ಲಾಸ್‌ವರೆಗೆ ನೋಡೋಣ, ಪ್ರತಿ ವರ್ಷ ಮತ್ತೆ ಕೂತು ಮಾತಾಡೋಣ ಅಂತ ತೀರ್ಮಾನ. ಹೊಸ ಹಳ್ಳಿಯ ಶಾಲೆ ಹೇಗಿರುತ್ತೋ ಗೊತ್ತಿಲ್ಲ, ಇದು ತಪ್ಪೂ ಆಗಬಹುದು ಅಂತ ಅಕ್ಕನೇ ಅಂದ್ರು.

ಹುಡುಗಿ ಈಗ ಒಂದು ನೋಟ್‌ಬುಕ್ಕಲ್ಲಿ ವಿದಾಯದ ಪಟ್ಟಿ ಬರೀತಿದ್ದಾಳೆ. ಅಂಗಡಿ ಅಂಕಲ್, ಬೀದಿಯ ಕರಿನಾಯಿ, ಜಗಳ ಆಡಿದ್ದ ಎದುರುಮನೆ ಹುಡುಗ. ಆರನೇ ಹೆಸರು ನನ್ನದು.

ನೀವೂ ಚಿಕ್ಕವರಿದ್ದಾಗ ಅಪ್ಪ-ಅಮ್ಮನ ಕೆಲಸಕ್ಕಾಗಿ ಅವರಿಂದ ದೂರ ಇದ್ದವರಾ? ಅವರಿಗೆ ಇವತ್ತಿನವರೆಗೆ ಹೇಳದೇ ಇರೋ ಮಾತು ಇದ್ರೆ, ನನಗೆ ವಾಯ್ಸ್ ನೋಟ್ ಕಳಿಸೋಕೆ ಮುಂಚೆ ಅವರಿಗೇ ಒಂದು ಫೋನ್ ಮಾಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.