ಗಾಡಿ ಟೈರು: ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ

ಅವರೆಕಾಯಿ ಕಾಲದಲ್ಲಿ ಹಾರೋಹಳ್ಳಿ ಕಡೆಯಿಂದ ಸಾರಕ್ಕಿ ಮಾರ್ಕೆಟ್ಟಿಗೆ ಕಾಯಿ ಹೊರುವ ಪಿಕಪ್ ಗಾಡಿಗಳು ಬೆಳಗಿನ ಜಾವಕ್ಕೇ ಹೊರಡುತ್ತವೆ. ಹೊತ್ತೇರಿ ಹೋದರೆ ರೇಟು ಬಿದ್ದಿರುತ್ತೆ. ಒಂದು ಸಲ ನಮ್ಮ ಗಾಡಿ ತಲಘಟ್ಟಪುರ ದಾಟುವಾಗ ಮುಂದಿನ ಎಡಗಡೆ ಟೈರು ಸಿಡಿಯಿತು. ಪುಣ್ಯಕ್ಕೆ ಗಾಡಿ ಮಗುಚಲಿಲ್ಲ. ಸ್ಟೆಪ್ನಿ ಹಾಕಿಕೊಂಡು ಹೋಗುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು, ಹದಿನಾಲ್ಕು ಮೂಟೆ ಕಾಯಿ ಅವರು ಕೇಳಿದ ರೇಟಿಗೇ ಕೊಟ್ಟು ಬಂದೆ. ಬಿಚ್ಚಿದ ಟೈರು ನೋಡಿದರೆ ಒಳಗಿನ ಅಂಚು ನೂಲು ಕಾಣುವಷ್ಟು ಸವೆದಿತ್ತು. ಹೊರಗಿನಿಂದ ಒಳ್ಳೇ ಟೈರೇ! ತಪ್ಪು ನನ್ನದು. ಕೊಂಡ ದಿನದಿಂದ ಜಾಗ ಬದಲಾಯಿಸಿರಲಿಲ್ಲ, ಬಗ್ಗಿ ನೋಡಿಯೂ ಇರಲಿಲ್ಲ.

ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ತಡವರಿಸುತ್ತೆ. ಟೈರಿಗೆ ಆ ತೊಂದರೆ ಇಲ್ಲ. ಮುಂದಿನ ಚಕ್ರ ತಿರುವಿನಲ್ಲಿ ಅಂಚು ಉಜ್ಜಿಕೊಳ್ಳುತ್ತೆ, ಬ್ರೇಕು ಹಿಡಿದರೆ ಭಾರವೆಲ್ಲ ಅದರ ಮೇಲೆ ವಾಲುತ್ತೆ. ಪಿಕಪ್ಪಿನಲ್ಲಿ ಎಂಜಿನ್ನು ತಿರುಗಿಸುವುದು ಹಿಂದಿನ ಚಕ್ರ, ಲೋಡೂ ಅಲ್ಲೇ. ಹಾಗಾಗಿ ಸವೆತ ಬೇರೆ ಬೇರೆ. 8-10 ಸಾವಿರ ಕಿ.ಮೀ.ಗೆ ಒಮ್ಮೆ ಬದಲಾಯಿಸಿದರೆ ನಾಲ್ಕೂ ಹೆಚ್ಚುಕಮ್ಮಿ ಸಮನಾಗಿ ಸವೆಯುತ್ತವೆ. ಹಿಂದಿನವು ಅದೇ ಪಕ್ಕದಲ್ಲಿ ನೇರ ಮುಂದಕ್ಕೆ, ಮುಂದಿನವು ಅಡ್ಡ ಬದಲಾಗಿ ಹಿಂದಕ್ಕೆ. ಟೈರಿನ ಮೇಲೆ ಬಾಣದ ಗುರುತಿದ್ದರೆ ಪಕ್ಕ ಬದಲಾಯಿಸಬಾರದು. ಬದಲಾಯಿಸಿದ ಮೇಲೆ ಗಾಳಿ ಮತ್ತೆ ಸರಿಮಾಡಬೇಕು, ಲೋಡು ಗಾಡಿಗೆ ಹಿಂದಕ್ಕೆ ಗಾಳಿ ಜಾಸ್ತಿ ಬೇಕು. ಇದನ್ನು ಬಹಳ ಜನ ಮರೀತಾರೆ. ಟ್ರ್ಯಾಕ್ಟರಿಗೆ ಹಿಂದು ಮುಂದು ಮಾಡುವ ಮಾತೇ ಇಲ್ಲ, ಅಳತೆಯೇ ಬೇರೆ.

ಸವೆತ ನೋಡಿಯೇ ಕಾಯಿಲೆ ಹೇಳಬಹುದು. ಎರಡೂ ಅಂಚು ಸವೆದರೆ ಗಾಳಿ ಕಮ್ಮಿ, ನಡು ಸವೆದರೆ ಗಾಳಿ ಹೆಚ್ಚು. ನನ್ನದರಂತೆ ಒಂದೇ ಅಂಚು ಸವೆದರೆ ಅಲೈನ್‌ಮೆಂಟ್ ತಪ್ಪಿದೆ ಅಂತ. ಅದನ್ನು ಸರಿ ಮಾಡಿಸದೆ ಬರೀ ಜಾಗ ಬದಲಾಯಿಸಿದರೆ ಇನ್ನೊಂದು ಟೈರೂ ಹಾಳು.

ಬ್ಯಾಲೆನ್ಸಿಂಗ್ ಬೇರೆ ಕೆಲಸ. ಚಕ್ರದ ಒಂದು ಕಡೆ ತೂಕ ಹೆಚ್ಚಿದ್ದರೆ 60 ಕಿ.ಮೀ. ವೇಗ ದಾಟುತ್ತಲೇ ಸ್ಟೇರಿಂಗು ನಡುಗುತ್ತೆ. ಮಿಷಿನ್ನಿಗೆ ಹಾಕಿ ತಿರುಗಿಸಿ, ಕಮ್ಮಿ ಇರುವ ಕಡೆ ರಿಮ್ಮಿಗೆ ಸಣ್ಣ ತೂಕದ ತುಂಡು ಬಡಿಯುತ್ತಾರೆ. ಹೊಸ ಟೈರು ಹಾಕಿದಾಗ, ಪಂಕ್ಚರಿಗೆ ಟೈರು ಬಿಚ್ಚಿದಾಗ ಇದು ಆಗಲೇಬೇಕು. ಇಲ್ಲದಿದ್ದರೆ ಟೈರು ಅಲ್ಲಲ್ಲಿ ಕುಳಿ ಬಿದ್ದಂತೆ ಸವೆದು, ಬೇರಿಂಗೂ ಹೋಗುತ್ತೆ. ಆದರೆ ಅಂಗಡಿಗೆ ಓಡುವ ಮುಂಚೆ ರಿಮ್ಮಿನ ಒಳಗಡೆ ನೋಡಿ. ಹೊಲದ ಕೆಸರು ಒಂದು ಕಡೆ ಒಣಗಿ ಕೂತಿದ್ದರೂ ನಡುಗುತ್ತೆ. ತೊಳೆದರೆ ಸರಿಹೋಗುತ್ತೆ, ಕಾಸೂ ಉಳಿಯುತ್ತೆ.

ಅಂದಹಾಗೆ 1888ರಲ್ಲಿ ಈ ಗಾಳಿ ಟೈರು ಮಾಡಿದ ಡನ್ಲಪ್ ದನದ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲಿ ಅಂತ ಮಾಡಿದ್ದಂತೆ.

ನಾನೀಗ ಸಾರಕ್ಕಿಯಲ್ಲಿ ಕಾಯಿ ಇಳಿಸಿ ಗಾಡಿ ಖಾಲಿಯಾದ ಮೇಲೆ ಈ ಕೆಲಸ ಮಾಡಿಸಿಕೊಂಡು ಬರುತ್ತೇನೆ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರು ಬಿಗಿಯಬೇಕು. ಊರು ಮುಟ್ಟಿದ ಮೇಲೆ ಪಾನ ಹಾಕಿ ಇನ್ನೊಮ್ಮೆ ನೋಡುತ್ತೇನೆ, ಒಂದೆರಡು ನಟ್ಟು ಸಡಿಲ ಆಗಿರುವುದುಂಟು.