ಪುಣೆಯಲ್ಲಿ ನಾಯಿ, ಬೆಕ್ಕು ಸಾಕಿದ್ದೀರಾ? ರೇಬಿಸ್ ಲಸಿಕೆ, ಪರವಾನಗಿ ನಿಯಮ ತಿಳಿದಿರಲಿ

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಕೆಲಸಕ್ಕೆಂದು ಪುಣೆಗೆ ಹೋಗಿ ನೆಲೆಸಿದ ಕನ್ನಡಿಗರು ಸಾಕಷ್ಟಿದ್ದಾರೆ. ಅಲ್ಲಿ ನಾಯಿಮರಿ ತಂದು ಇಂಜೆಕ್ಷನ್ ಹಾಕಿಸಿದರೆ ಮುಗಿಯಿತು ಅಂದುಕೊಂಡಿದ್ದರೆ, ಅರ್ಧ ಕೆಲಸವಷ್ಟೇ ಆಗಿದೆ.

ಪುಣೆ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ ಸಾಕುನಾಯಿಗೆ ಪರವಾನಗಿ ಕಡ್ಡಾಯ. 2022ರ ನವೆಂಬರ್‌ನಲ್ಲಿ ಬೆಕ್ಕಿಗೂ ಈ ನಿಯಮ ಅನ್ವಯಿಸಲಾಯಿತು. ಅರ್ಜಿಯ ಜತೆ ರೇಬಿಸ್ ಲಸಿಕೆ ಹಾಕಿಸಿದ ಪ್ರಮಾಣಪತ್ರ ಕೊಡಬೇಕು. ಸಾಮಾನ್ಯವಾಗಿ ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಬೂಸ್ಟರ್, ನಂತರ ವರ್ಷಕ್ಕೊಮ್ಮೆ. ಪಿಂಪ್ರಿ-ಚಿಂಚವಾಡದಲ್ಲಿ ಮನೆಯಿದ್ದರೆ ಅದು ಬೇರೆಯೇ ಪಾಲಿಕೆ, ಅಲ್ಲೇ ವಿಚಾರಿಸಿ.

ಸಾಕುಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು.

ಬೀದಿನಾಯಿ ಮತ್ತೆ ಅಲ್ಲಿಗೇ ಬರುವುದೇಕೆ?

'ಪಾಲಿಕೆಯವರು ಹಿಡಿದುಕೊಂಡು ಹೋದ ನಾಯಿ ವಾರದೊಳಗೆ ಗೇಟಿನ ಮುಂದೆ ಹಾಜರ್' ಎಂಬ ದೂರು ಪ್ರತಿ ಸೊಸೈಟಿಯಲ್ಲೂ ಇರುವಂಥದ್ದೇ. ಇದು ಸಿಬ್ಬಂದಿಯ ಸೋಮಾರಿತನವಲ್ಲ, ಕಾನೂನು ಇರುವುದೇ ಹಾಗೆ. ಕೇಂದ್ರದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿಯಲ್ಲಿ ಸಣ್ಣ ಕತ್ತರಿ ಗುರುತಿದ್ದರೆ ಚಿಕಿತ್ಸೆಯಾಗಿದೆ ಎಂದರ್ಥ. ಇದ್ದ ನಾಯಿಗಳನ್ನು ದೂರ ಸಾಗಿಸಿದರೆ ಲಸಿಕೆಯಿಲ್ಲದ ಬೇರೆ ನಾಯಿಗಳು ಆ ಜಾಗಕ್ಕೆ ಬರುತ್ತವೆ. ಒಂದು ಪ್ರದೇಶದ ಶೇ.70ರಷ್ಟು ನಾಯಿಗಳಿಗೆ ಲಸಿಕೆಯಾದರೆ ರೇಬಿಸ್ ಹರಡುವ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಹಾಗೆಂದು ಎಲ್ಲ ನಾಯಿಗಳನ್ನೂ ವಾಪಸ್ ಬಿಡುವಂತಿಲ್ಲ. ರೇಬಿಸ್ ಶಂಕೆಯಿರುವ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೇ ಬಿಡಬಾರದೆಂದು ನವೆಂಬರ್ 7ರಂದು ಆದೇಶಿಸಿತು.

ಕಚ್ಚಿದರೆ ಏನು ಮಾಡಬೇಕು?

ಜನ ಎಡವುವುದು ಇಲ್ಲೇ. 'ನಮ್ಮದೇ ನಾಯಿ, ಸ್ವಲ್ಪ ಪರಚಿದೆ ಅಷ್ಟೇ' ಎಂದು ಅರಿಶಿನ ಮೆತ್ತಿ ಸುಮ್ಮನಾಗುವವರಿದ್ದಾರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ಇಲ್ಲವೆನ್ನುವಷ್ಟು ಕಡಿಮೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬರುವ ಗಾಯವಾಗಿದ್ದರೆ ಲಸಿಕೆಯ ಜತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ಅದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕು ನಿಜ, ಆದರೆ ಲಸಿಕೆ ಶುರುಮಾಡಲು ಅಷ್ಟು ದಿನ ಕಾಯುವಂತಿಲ್ಲ. ನಾಯಿ ಆರೋಗ್ಯವಾಗಿಯೇ ಇದ್ದರೆ ಉಳಿದ ಡೋಸ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುತ್ತಾರೆ.